ಪಕ್ಕೆಲುಬಿನ ಮೇಲೆ ಕೊರೆದ ಹಾಡುಗಳು

ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಲೆನಿನ್‌ಗ್ರಾಡಿನ ನೆವ್‌ಸ್ಕಿ ರಸ್ತೆಯ 75ನೇ ನಂಬರಿನಲ್ಲಿ ಒಂದು ಸಣ್ಣ ಅಂಗಡಿ ಬಾಗಿಲು ತೆರೆಯಿತು. ನಡೆಸುತ್ತಿದ್ದವನು ಸ್ತಾನಿಸ್ಲಾವ್ ಫಿಲೊ. ಅವನ ಬಂಡವಾಳವೆಲ್ಲ ಒಂದು ಟೆಲಿಫುಂಕೆನ್ ಧ್ವನಿಮುದ್ರಣ ಯಂತ್ರ. ಸೋತ ಜರ್ಮನಿಯಿಂದ ಗೆದ್ದವರು ಹೊತ್ತು ತಂದ ಸಾಮಾನಿನಲ್ಲಿ ಅದೂ ಬಂದಿತ್ತು. ಗಿರಾಕಿ ಮೈಕಿನ ಮುಂದೆ ನಿಂತು ದೂರದ ಊರಿನ ಅಮ್ಮನಿಗೆ ನಾಲ್ಕು ಮಾತು ಹೇಳಬಹುದು, ಕಂಠ ಚೆನ್ನಾಗಿದ್ದರೆ ಹಾಡಬಹುದು. ಆಡಿದ್ದು ಪುಟ್ಟ ಪ್ಲೇಟಾಗಿ ಕೈಗೆ ಬರುತ್ತಿತ್ತು, ಅಂಚೆಯಲ್ಲಿ ಕಳಿಸಿದರಾಯಿತು. ಸರ್ಕಾರದ ಅನುಮತಿಯಿದ್ದ ಹಗಲಿನ ವ್ಯಾಪಾರ ಇದು. ಅಂಗಡಿ ಮುಚ್ಚುವ ಹೊತ್ತಿಗೆ ಇನ್ನೊಂದು ಬಗೆಯ ಗಿರಾಕಿಗಳು ಬರುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಬೇರೆಯವರ ದನಿ: ದೇಶ ಬಿಟ್ಟುಹೋದ ಗಾಯಕರ ದನಿ, ಅಮೆರಿಕದ ಜಾಝ್ ಮೇಳಗಳ ದನಿ, ರೇಡಿಯೊದಲ್ಲಿ ಎಂದೂ ಬಾರದ ಟ್ಯಾಂಗೊ. ಆ ಪ್ಲೇಟುಗಳು ತಯಾರಾಗುತ್ತಿದ್ದದ್ದು ಆಸ್ಪತ್ರೆಯ ಎಕ್ಸ್‌ರೇ ಫಿಲ್ಮಿನ ಮೇಲೆ.

ಮುಂದಿನ ಹದಿನೈದು-ಇಪ್ಪತ್ತು ವರ್ಷ ಸೋವಿಯತ್ ನಗರಗಳಲ್ಲಿ ಗುಟ್ಟಾಗಿ ನಡೆದ ಒಂದು ಕಸುಬು ಶುರುವಾದದ್ದು ಹೀಗೆ. ಜನ ಅದನ್ನು ‘ಮೂಳೆಯ ಮೇಲಿನ ಸಂಗೀತ’ ಎಂದರು. ಇನ್ನೂ ಚುಟುಕಾಗಿ ‘ಪಕ್ಕೆಲುಬು’ ಎಂದರು. ಫಿಲ್ಮನ್ನು ಬೆಳಕಿಗೆ ಹಿಡಿದರೆ ಯಾರದೋ ಎದೆಗೂಡು, ಯಾರದೋ ಮುರಿದ ಮೊಣಕೈ, ಯಾರದೋ ತಲೆಬುರುಡೆ. ಅದರ ಮೇಲೆ ಕೂದಲೆಳೆಯಂತೆ ಸುತ್ತಿಕೊಂಡ ಹಾಡಿನ ಗೆರೆ.

ಮಾಡುವ ರೀತಿ ಕೇಳುವುದಕ್ಕೆ ಸರಳ, ಕೈಯಲ್ಲಿ ಕಷ್ಟ. ಆಸ್ಪತ್ರೆಗಳಲ್ಲಿ ಹಳೆಯ ಎಕ್ಸ್‌ರೇಗಳು ರಾಶಿಬಿದ್ದಿರುತ್ತಿದ್ದವು. ಆ ಕಾಲದ ಫಿಲ್ಮು ಬೇಗ ಬೆಂಕಿ ಹತ್ತುವಂಥದ್ದು, ಕೂಡಿಡುವುದೇ ಅಪಾಯ. ಯಾರಾದರೂ ಒಯ್ಯುತ್ತೇವೆ ಎಂದರೆ ಅಲ್ಲಿನ ನೌಕರರು ಚಿಲ್ಲರೆ ಕಾಸಿಗೋ ಒಂದು ಬಾಟಲಿ ವೋಡ್ಕಾಕ್ಕೋ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ತಂದ ಫಿಲ್ಮಿನ ಮೇಲೆ ದುಂಡಗೆ ಗುರುತು ಮಾಡಿ ಉಗುರು ಕತ್ತರಿಸುವ ಕತ್ತರಿಯಲ್ಲಿ ಕತ್ತರಿಸುವುದು, ನಡುವಿನ ತೂತನ್ನು ಉರಿಯುವ ಸಿಗರೇಟಿನಿಂದ ಸುಡುವುದು. ಆಮೇಲೆ ಯಂತ್ರದ ಕೆಲಸ. ಒಂದು ಕಡೆ ಅಸಲಿ ಪ್ಲೇಟು ತಿರುಗುತ್ತದೆ. ಅದರ ಸದ್ದು ಆಂಪ್ಲಿಫೈಯರ್ ದಾಟಿ ಇನ್ನೊಂದು ಕಡೆಯ ಕೊರೆಯುವ ಸೂಜಿಗೆ ಬರುತ್ತದೆ. ಅಲುಗುವ ಸೂಜಿ ಫಿಲ್ಮಿನಲ್ಲಿ ಗೆರೆ ಕೊರೆಯುತ್ತ ಹೋಗುತ್ತದೆ. ಹಾಡು ಮೂರು ನಿಮಿಷದ್ದಾದರೆ ಪ್ರತಿಗೂ ಮೂರು ನಿಮಿಷ. ನೂರು ಪ್ರತಿ ಬೇಕೆಂದರೆ ಅದೇ ಹಾಡನ್ನು ನೂರು ಸಲ ನುಡಿಸಬೇಕು, ಅದೂ ಪಕ್ಕದ ಮನೆಯವರಿಗೆ ಕೇಳಿಸದಂತೆ. ಒಂದೇ ಮಗ್ಗುಲು, ನಿಮಿಷಕ್ಕೆ 78 ಸುತ್ತು. ಫಿಲ್ಮು ಮೆದುವಾದ್ದರಿಂದ ಗ್ರಾಮಫೋನಿನ ಭಾರದ ಮುಳ್ಳು ಹಾದಷ್ಟೂ ಗೆರೆ ಸವೆಯುತ್ತಿತ್ತು. ಕೆಲವು ಸಲ ಕೇಳುವಷ್ಟರಲ್ಲಿ ಹಾಡಿಗಿಂತ ಗರಗರ ಸದ್ದೇ ಹೆಚ್ಚಾಗುತ್ತಿತ್ತು.

ಇಷ್ಟು ಕೆಟ್ಟ ಸರಕಿಗೆ ಗಿರಾಕಿಗಳು ಮುಗಿಬಿದ್ದರು. ಸರ್ಕಾರಿ ಅಂಗಡಿಗಳಲ್ಲಿ ಸ್ವಚ್ಛವಾಗಿ ಕೇಳಿಸುವ, ಗಟ್ಟಿಮುಟ್ಟಾದ ಪ್ಲೇಟುಗಳು ಸಾಲಾಗಿ ಇಟ್ಟಿದ್ದರೂ ಸವೆದುಹೋಗುವ ಪಕ್ಕೆಲುಬನ್ನೇ ಹುಡುಕಿಕೊಂಡು ಬಂದರು. ತನಗೆ ಇಂಥದೇ ಹಾಡು ಬೇಕು, ಇಂಥವನ ಕಂಠದಲ್ಲೇ ಬೇಕು ಎಂಬ ಬಯಕೆಯೊಂದನ್ನೇ ನಂಬಿ ಇಡೀ ಕಸುಬು ನಿಂತಿತ್ತು. ಆ ಬಯಕೆಗೇ ಸೋವಿಯತ್ ವ್ಯವಸ್ಥೆಯಲ್ಲಿ ಜಾಗವಿರಲಿಲ್ಲ.

ಏಕೆ ಇರಲಿಲ್ಲ ಎಂದು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. 1922ರಲ್ಲಿ ‘ಗ್ಲಾವ್‌ಲಿಟ್’ ಎಂಬ ಸೆನ್ಸಾರ್ ಇಲಾಖೆ ಹುಟ್ಟಿತು; ಅಚ್ಚಾಗುವ ಪ್ರತಿ ಸಾಲೂ ಅದರ ಕಣ್ಣಿಗೆ ಬೀಳಬೇಕು. ಮರುವರ್ಷ ನಾಟಕ, ಸಂಗೀತ, ಕುಣಿತಗಳಿಗೆಂದೇ ‘ಗ್ಲಾವ್‌ರೆಪೆರ್ತ್‌ಕೊಮ್’ ಬಂತು. ಯಾವ ಹಾಡು ವೇದಿಕೆಯ ಮೇಲೆ ಬರಬಹುದು, ಯಾವ ಗ್ರಾಮಫೋನ್ ಪ್ಲೇಟು ಅಂಗಡಿಯಲ್ಲಿ ಇರಬಹುದು, ಯಾವುದನ್ನು ಹಿಂದಕ್ಕೆ ಪಡೆಯಬೇಕು ಎಂಬ ಪಟ್ಟಿಗಳು ಅಲ್ಲಿಂದ ಹೊರಡುತ್ತಿದ್ದವು. 1928ರಲ್ಲಿ ಮ್ಯಾಕ್ಸಿಂ ಗೋರ್ಕಿ ಪತ್ರಿಕೆಯಲ್ಲಿ ಒಂದು ಬರಹ ಬರೆದು, ಜಾಝ್ ಎಂಬುದು ಕೊಬ್ಬಿದ ಸಿರಿವಂತರ ಸಂಗೀತ ಎಂದು ಜರೆದ. ‘ತಾಯಿ’ ಕಾದಂಬರಿಯಿಂದ ಕನ್ನಡದ ಓದುಗರಿಗೂ ಬೇಕಾದವನಾಗಿರುವ ಗೋರ್ಕಿಯ ಆ ಬರಹವನ್ನು ಮುಂದೆ ಎಷ್ಟೋ ಅಧಿಕಾರಿಗಳು ಆಯುಧದಂತೆ ಬಳಸಿದರು. 1936ರ ಜನವರಿಯಲ್ಲಿ ‘ಪ್ರಾವ್ದಾ’ ಪತ್ರಿಕೆ ಸಂಗೀತಕಾರ ಶೊಸ್ತಕೊವಿಚ್‌ನ ಒಪೆರಾವೊಂದನ್ನು ಸಂಗೀತವೇ ಅಲ್ಲ, ಗೊಂದಲ ಎಂದು ಹೆಸರಿಲ್ಲದ ಲೇಖನದಲ್ಲಿ ಹೊಡೆದುಹಾಕಿತು. ಆವರೆಗೆ ಎರಡು ವರ್ಷ ತುಂಬಿದ ಸಭೆಗಳಲ್ಲಿ ನಡೆದಿದ್ದ ಒಪೆರಾ ಅದು. ನೋಡಿದವರಿಗೆ ಹಿಡಿಸಿತ್ತು ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಯುದ್ಧ ಬಂದಾಗ ಕಟ್ಟು ಸಡಿಲವಾಯಿತು. ಸೈನಿಕರ ಮುಂದೆ ಜಾಝ್ ಮೇಳಗಳು ನುಡಿಸಿದವು. ಲೆನಿನ್‌ಗ್ರಾಡಿಗೆ ಜರ್ಮನ್ ಸೇನೆ 872 ದಿನ ಮುತ್ತಿಗೆ ಹಾಕಿತ್ತು. ಹಸಿವಿನಲ್ಲೇ ಲಕ್ಷಾಂತರ ಜನ ಸತ್ತರು. ಆ ನಡುವೆಯೇ, 1942ರ ಆಗಸ್ಟ್ 9ರಂದು, ಕಾರ್ಲ್ ಎಲಿಯಾಸ್‌ಬೆರ್ಗ್ ಎಂಬ ನಿರ್ದೇಶಕ ಅರೆಹೊಟ್ಟೆಯ ವಾದ್ಯಗಾರರನ್ನು ಒಟ್ಟುಹಾಕಿ ಶೊಸ್ತಕೊವಿಚ್‌ನ ಏಳನೇ ಸಿಂಫನಿ ನುಡಿಸಿದ. ಸಂಗೀತ ಒಂದು ಊರಿಗೆ ಏನಾಗಬಲ್ಲದು ಎಂಬುದನ್ನು ಲೆನಿನ್‌ಗ್ರಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಥ ಊರಿನ ಮೇಲೆಯೇ ಯುದ್ಧ ಮುಗಿಯುತ್ತಿದ್ದಂತೆ ಮೊದಲ ಏಟು ಬಿತ್ತು. 1946ರ ಆಗಸ್ಟ್ 14ರಂದು ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ ಎರಡು ಲೆನಿನ್‌ಗ್ರಾಡ್ ಪತ್ರಿಕೆಗಳ ವಿರುದ್ಧ ನಿರ್ಣಯ ಹೊರಡಿಸಿತು. ಒಂದು ಪತ್ರಿಕೆ ಮುಚ್ಚಿತು. ಕವಿ ಅನ್ನಾ ಅಖ್ಮತೊವಾ, ನಗೆಗಾರ ಮಿಖಾಯಿಲ್ ಜೊಶ್ಚೆಂಕೊ ಇಬ್ಬರನ್ನೂ ಲೇಖಕರ ಸಂಘದಿಂದ ಹೊರಹಾಕಿದರು. 1948ರ ಫೆಬ್ರುವರಿಯ ಇನ್ನೊಂದು ನಿರ್ಣಯದಲ್ಲಿ ಸಂಗೀತಗಾರರ ಸರದಿ: ಶೊಸ್ತಕೊವಿಚ್, ಪ್ರೊಕೊಫಿಯೆವ್, ಖಚತುರಿಯನ್. ಮುತ್ತಿಗೆಯ ನಗರದಲ್ಲಿ ಆ ಸಿಂಫನಿ ಮೊಳಗಿ ಆರು ವರ್ಷವೂ ಆಗಿರಲಿಲ್ಲ.

ಆಮೇಲೆ ಮೇಲಿನವರ ಕಣ್ಣು ಸಣ್ಣಪುಟ್ಟದ್ದರ ಮೇಲೂ ಬಿತ್ತು. ಫಾಕ್ಸ್‌ಟ್ರಾಟ್ ಕುಣಿತ ‘ವೇಗದ ಕುಣಿತ’ವಾಯಿತು, ಟ್ಯಾಂಗೊ ‘ನಿಧಾನದ ಕುಣಿತ’ವಾಯಿತು. ಬೇಕರಿಯ ಫ್ರೆಂಚ್ ಬನ್ನಿಗೆ ‘ನಗರದ ಬನ್’ ಎಂದು ಹೆಸರಿಟ್ಟರು. ನೆವ್‌ಸ್ಕಿ ರಸ್ತೆಯ ‘ನಾರ್ಡ್’ ಕೆಫೆ ‘ಸೆವೆರ್’ ಆಯಿತು. ಅರ್ಥ ಅದೇ, ಉತ್ತರ ದಿಕ್ಕು, ಪದ ಮಾತ್ರ ರಷ್ಯನ್. 1949ರಲ್ಲಿ ಮಾಸ್ಕೊದ ಸ್ಯಾಕ್ಸೊಫೋನ್ ವಾದಕರಿಗೆ ವಾದ್ಯ ತಂದೊಪ್ಪಿಸಲು ಹೇಳಿ, ಗುರುತಿನ ಚೀಟಿಯಲ್ಲಿ ಅವರ ವಾದ್ಯದ ಹೆಸರನ್ನೇ ಬದಲಿಸಿದರು. ರಾತ್ರಿ ಮಲಗುವಾಗ ಸ್ಯಾಕ್ಸೊಫೋನ್ ವಾದಕನಾಗಿದ್ದವನು ಬೆಳಿಗ್ಗೆ ಬಸೂನ್ ವಾದಕ.

ಕೆಲವು ಸಂಗೀತಗಾರರ ಪಾಡು ಇನ್ನೂ ಕ್ರೂರ. ಬರ್ಲಿನ್ನಿನಲ್ಲಿ ಹುಟ್ಟಿದ ಟ್ರಂಪೆಟ್ ವಾದಕ ಎಡ್ಡಿ ರೋಸ್ನರ್ ಯುದ್ಧದ ಕಾಲದಲ್ಲಿ ಬೆಲಾರುಸ್ಸಿನ ಸರ್ಕಾರಿ ಜಾಝ್ ಮೇಳ ನಡೆಸಿ ದೇಶಕ್ಕೆಲ್ಲ ಹೆಸರಾಗಿದ್ದ. 1946ರಲ್ಲಿ ದೇಶ ಬಿಟ್ಟು ಹೋಗಲು ನೋಡಿದ್ದಕ್ಕೆ ಹಿಡಿದು ಹತ್ತು ವರ್ಷ ಶಿಕ್ಷೆ ಕೊಟ್ಟರು. ಮಗದಾನಿನ ಸೆರೆಶಿಬಿರದಲ್ಲೂ ಅವನ ಕೈಯಲ್ಲಿ ಮೇಳ ಕಟ್ಟಿಸಿದರು. ಲೆನಿನ್‌ಗ್ರಾಡಿನ ಹಿಂದಿನ ಹಾಗೂ ಈಗಿನ ಹೆಸರು ಪೀಟರ್ಸ್‌ಬರ್ಗ್. ಆ ಊರಿನವನೇ ಆದ ವಾದಿಮ್ ಕೊಜಿನ್, ಮನೆಮನೆಯ ಗ್ರಾಮಫೋನಿನಲ್ಲಿ ಹಾಡುತ್ತಿದ್ದ ಟೆನರ್ ಗಾಯಕ, 1944ರಲ್ಲಿ ಬಂಧನಕ್ಕೆ ಸಿಕ್ಕಿ ಅದೇ ಮಗದಾನಿಗೆ ಹೋದ. ಬಿಡುಗಡೆಯಾದ ಮೇಲೂ ಅಲ್ಲೇ ಉಳಿದು 1994ರಲ್ಲಿ ಅಲ್ಲೇ ತೀರಿಕೊಂಡ. ಅಲೆಕ್ಸಾಂದರ್ ವೆರ್ತಿನ್‌ಸ್ಕಿ 1943ರಲ್ಲಿ ಶಾಂಘೈಯಿಂದ ತಾಯ್ನಾಡಿಗೆ ಮರಳಿದ. ಅವನಿಗೆ ಕಛೇರಿ ಮಾಡಲು ಬಿಟ್ಟರು, ಆದರೆ ಹಾಡುಗಳ ಪಟ್ಟಿಗೆ ಕತ್ತರಿ ಬಿತ್ತು.

ಎಲ್ಲರಿಗಿಂತ ಹೆಚ್ಚು ಮೂಳೆಗಳ ಮೇಲೆ ಹಾಡಿದವನು ಪ್ಯೋತ್ರ್ ಲೆಶ್ಚೆಂಕೊ. 1898ರಲ್ಲಿ ಹುಟ್ಟಿದ ಈತ ಬೆಳೆದ ಬೆಸ್ಸರಾಬಿಯ ಮೊದಲ ಯುದ್ಧದ ನಂತರ ರುಮೇನಿಯದ ಪಾಲಾಯಿತು. ಹಾಗಾಗಿ ಗಡಿಯೇ ಸರಿದು ಅವನನ್ನು ಹೊರಗಿನವನನ್ನಾಗಿ ಮಾಡಿತ್ತು. ಬುಖಾರೆಸ್ಟಿನಲ್ಲಿ ರೆಸ್ಟೋರೆಂಟು ನಡೆಸುತ್ತ, ರಷ್ಯನ್ ಭಾಷೆಯಲ್ಲಿ ಟ್ಯಾಂಗೊ ಹಾಡುತ್ತ, ಕೊಲಂಬಿಯಾ ಕಂಪನಿಗೆ ಪ್ಲೇಟು ಕೊಡುತ್ತ ಇದ್ದ. ಸೋವಿಯತ್ ಅಧಿಕಾರಿಗಳ ಕಣ್ಣಿಗೆ ಆತ ವಲಸಿಗ, ಮೇಲಾಗಿ ರುಮೇನಿಯನ್ನರ ಹಿಡಿತದಲ್ಲಿದ್ದ ಒಡೆಸ್ಸಾದಲ್ಲಿ 1942ರಲ್ಲಿ ಹಾಡಿದವನು. 1951ರ ಮಾರ್ಚಿನಲ್ಲಿ ರುಮೇನಿಯದಲ್ಲೇ ಅವನನ್ನು ಬಂಧಿಸಿದರು. 1954ರ ಜುಲೈಯಲ್ಲಿ ಜೈಲಿನ ಆಸ್ಪತ್ರೆಯಲ್ಲಿ ಸತ್ತ. ಅವನು ಸೆರೆಯಲ್ಲಿದ್ದ ಆ ಮೂರು ವರ್ಷವೂ ಲೆನಿನ್‌ಗ್ರಾಡಿನಲ್ಲಿ ಅವನ ಹಾಡು ಮಾರಾಟವಾಗುತ್ತಿತ್ತು. ಬೇಡಿಕೆ ಎಷ್ಟಿತ್ತೆಂದರೆ ಅಸಲಿ ಸಾಲದೆ, ಅವನ ಕಂಠವನ್ನೇ ಹೋಲುವಂತೆ ಹಾಡಿದ ಸ್ಥಳೀಯ ಗಾಯಕರ ಮುದ್ರಣಗಳೂ ಅವನ ಹೆಸರಿನಲ್ಲಿ ಹೋದವು.

ಲೆಶ್ಚೆಂಕೊನ ಹಾಡುಗಳಲ್ಲಿ ಸರ್ಕಾರದ ವಿರುದ್ಧ ಒಂದು ಅಕ್ಷರ ಸಿಗುವುದು ಕಷ್ಟ. ಕಪ್ಪು ಕಣ್ಣು, ಬಿಟ್ಟುಹೋದ ಹುಡುಗಿ, ಮದ್ಯ, ಕೊನೆಯ ಕುಣಿತ, ಇಷ್ಟೆ. ಹೆಚ್ಚಿನ ಪಕ್ಕೆಲುಬು ಪ್ಲೇಟುಗಳೂ ಹಾಗೆಯೇ. ಕ್ರಾಂತಿಯ ಕರೆಯೋ ರಹಸ್ಯ ಸಂದೇಶವೋ ಅವುಗಳಲ್ಲಿ ಇರಲಿಲ್ಲ. ಜೈಲು-ಗಲ್ಲಿಗಳ ಒರಟು ಹಾಡುಗಳಿದ್ದವು, ಜಿಪ್ಸಿ ಹಾಡುಗಳಿದ್ದವು, ಕಾಲು ಕುಣಿಸುವ ಲಯವಿತ್ತು. ಹಾಗಾದರೆ ಇವುಗಳಿಗೆ ಇಷ್ಟೊಂದು ಹೆದರಿಕೆ ಏಕೆ? ಈ ಕಸುಬಿನ ಕಥೆಯಲ್ಲಿ ಮುಖ್ಯವಾದ ಪ್ರಶ್ನೆ ಇದೇ. ತಾಳ-ರಾಗಕ್ಕಿಂತ ಅದನ್ನು ಆಯ್ದುಕೊಳ್ಳುವ ಕೈ ಆ ವ್ಯವಸ್ಥೆಗೆ ದೊಡ್ಡ ತೊಂದರೆಯಾಗಿತ್ತು. ಯಾವುದು ಚೆಂದ ಎಂದು ಮೇಲಿನಿಂದ ತೀರ್ಮಾನವಾಗಿ ಬಂದ ಮೇಲೆ, ಕೆಳಗಿರುವ ಒಬ್ಬ ಹುಡುಗ ತನಗೆ ಬೇರೆಯದು ಚೆಂದ ಎಂದರೆ ಅವನ ಮಟ್ಟಿಗಾದರೂ ತೀರ್ಮಾನ ಅವನದಾಗಿಬಿಡುತ್ತದೆ.

ಇದನ್ನು ಬಹಳ ಮೊದಲೇ ಕಂಡವನು ಅದೇ ನಗರದಲ್ಲಿದ್ದ. ಯೆವ್ಗೇನಿ ಜಮ್ಯಾತಿನ್ ಹಡಗು ಕಟ್ಟುವ ಎಂಜಿನಿಯರ್. ಪೀಟರ್ಸ್‌ಬರ್ಗಿನ ಪಾಲಿಟೆಕ್ನಿಕ್‌ನಲ್ಲಿ ಓದಿ, ಮೊದಲ ಯುದ್ಧದ ಹೊತ್ತಿಗೆ ಇಂಗ್ಲೆಂಡಿಗೆ ಹೋಗಿ ರಷ್ಯಕ್ಕಾಗಿ ಮಂಜುಗಡ್ಡೆ ಒಡೆಯುವ ಹಡಗುಗಳ ನಿರ್ಮಾಣದ ಮೇಲ್ವಿಚಾರಣೆ ಮಾಡಿ ಬಂದಿದ್ದ. 1920ರ ಹೊತ್ತಿಗೆ ‘ನಾವು’ ಎಂಬ ಕಾದಂಬರಿ ಬರೆದ. ಅದರಲ್ಲಿ ಮನುಷ್ಯರಿಗೆ ಹೆಸರಿಲ್ಲ, ನಂಬರುಗಳಿವೆ. ಎಲ್ಲರಿಗೂ ಒಂದೇ ಉಡುಪು, ಗಾಜಿನ ಗೋಡೆಯ ಮನೆ, ಎಲ್ಲರೂ ಒಂದೇ ಗಳಿಗೆಗೆ ಏಳಬೇಕು, ಒಂದೇ ಗಳಿಗೆಗೆ ತುತ್ತೆತ್ತಬೇಕು, ಒಂದು ತುತ್ತಿಗೆ ಐವತ್ತು ಸಲ ಅಗಿಯಬೇಕು. ಸಂಗೀತ ಕಾರ್ಖಾನೆಯಿಂದ ಬರುತ್ತದೆ. ಹಿಡಿಕೆ ತಿರುಗಿಸಿದರೆ ಗಂಟೆಗೆ ಮೂರು ಸೊನಾಟಾ ಹೊರಹಾಕುವ ಯಂತ್ರವಿದೆ. ಒಂದು ದೃಶ್ಯದಲ್ಲಿ ಹಳೆಯ ಕಾಲದ ಉಡುಪು ತೊಟ್ಟ ಹೆಂಗಸೊಬ್ಬಳು ಪಿಯಾನೊ ಮುಂದೆ ಕುಳಿತು ಸ್ಕ್ರ್ಯಾಬಿನ್‌ನ ಕೃತಿ ನುಡಿಸುತ್ತಾಳೆ. ಹಿಂದಿನವರ ಹುಚ್ಚಾಟಕ್ಕೆ ಉದಾಹರಣೆ ಎಂದು ಸಭೆಗೆ ಅದನ್ನು ತೋರಿಸುವುದು. ಸಭೆ ನಗುತ್ತದೆ, ಕಥೆ ಹೇಳುತ್ತಿರುವ ಗಣಿತಜ್ಞನಿಗೆ ಮಾತ್ರ ನಗಲು ಆಗುವುದಿಲ್ಲ. ಅವನ ಪತನ ಅಲ್ಲಿಂದ ಶುರು.

ಆ ಪುಸ್ತಕ ಅವನ ದೇಶದಲ್ಲಿ ಅಚ್ಚಾಗಲಿಲ್ಲ. 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷಿಗೆ ಅನುವಾದವಾಗಿ ಬಂತು. ಬರೆಯಲು ಬಿಡದಿರುವುದು ಲೇಖಕನಿಗೆ ಮರಣದಂಡನೆಯೇ ಎಂದು 1931ರಲ್ಲಿ ಸ್ಟಾಲಿನ್‌ಗೆ ಪತ್ರ ಬರೆದು, ಅಪ್ಪಣೆ ಪಡೆದು ದೇಶ ಬಿಟ್ಟ ಜಮ್ಯಾತಿನ್ 1937ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ನೆವ್‌ಸ್ಕಿ ರಸ್ತೆಯ ಆ ಅಂಗಡಿಗೆ ಬರುತ್ತಿದ್ದ ಹುಡುಗರಲ್ಲಿ ಅವನ ಪುಸ್ತಕವನ್ನು ಓದಿದವರು ಇದ್ದಿರಲಾರರು. ಅವರಿಗೆ ಅದರ ಅಗತ್ಯವೂ ಇರಲಿಲ್ಲ. ಅವರು ಬದುಕುತ್ತಿದ್ದದ್ದೇ ಅದರಲ್ಲಿ.

ಆ ಹುಡುಗರಲ್ಲಿ ಒಬ್ಬ ರುಸ್ಲಾನ್ ಬೊಗೊಸ್ಲೊವ್‌ಸ್ಕಿ. ಸಂಗೀತದ ಹುಚ್ಚು, ಜೊತೆಗೆ ಯಂತ್ರದ ಬುದ್ಧಿ. ಫಿಲೊನ ಅಂಗಡಿಗೆ ಗಿರಾಕಿಯಾಗಿ ಹೋಗಿ ಹೋಗಿ ಟೆಲಿಫುಂಕೆನ್ ಯಂತ್ರವನ್ನು ಕಣ್ಣಲ್ಲೇ ಅಳೆದುಕೊಂಡ. ಮನೆಗೆ ಬಂದು ನಕ್ಷೆ ಬರೆದ, ಲೇತ್ ಕೆಲಸದವನನ್ನು ಹುಡುಕಿ ಬಿಡಿಭಾಗ ಮಾಡಿಸಿದ, 1947ರಲ್ಲಿ ತನ್ನದೇ ಯಂತ್ರ ನಿಲ್ಲಿಸಿದ. ಕೊರೆದ ಪ್ಲೇಟುಗಳು ಫಿಲೊನ ಪ್ಲೇಟಿಗಿಂತ ಚೆನ್ನಾಗಿ ಕೇಳಿಸುತ್ತಿದ್ದವಂತೆ. ಅವನ ಜೊತೆಗೂಡಿದವನು ಬೊರಿಸ್ ತೈಗಿನ್. ಪದ್ಯ ಬರೆಯುತ್ತಿದ್ದ, ಹಾಡು ಕಟ್ಟುತ್ತಿದ್ದ. ಇಬ್ಬರೂ ತಮ್ಮ ಕೂಟಕ್ಕೆ ‘ಚಿನ್ನದ ನಾಯಿ’ ಎಂದು ಹೆಸರಿಟ್ಟು ರಬ್ಬರ್ ಮೊಹರು ಮಾಡಿಸಿದರು. ನಾಯಿ ಎಲ್ಲಿಂದ ಬಂತೆಂದು ಕನ್ನಡದವರಿಗೆ ಹೇಳಬೇಕಾಗಿಲ್ಲ. ಗ್ರಾಮಫೋನಿನ ಕೊಳವೆಗೆ ಕಿವಿಯೊಡ್ಡಿ ಕುಳಿತ ‘ಹಿಸ್ ಮಾಸ್ಟರ್ಸ್ ವಾಯ್ಸ್’ ನಾಯಿಯ ಪ್ಲೇಟುಗಳಲ್ಲೇ ಕರ್ನಾಟಕದ ಮನೆಗಳಿಗೂ ರಂಗಗೀತೆ ಬಂದದ್ದು. ಜೈಲಿಗೆ ಕಳಿಸಬಲ್ಲ ಸರಕಿನ ಮೇಲೆ ತಮ್ಮದೇ ಮುದ್ರೆ ಒತ್ತುವ ಆ ಧೈರ್ಯವನ್ನು ಹುಡುಗಾಟ ಎಂದು ತಳ್ಳಿಹಾಕುವಂತಿಲ್ಲ. ಕಳ್ಳಸರಕಿಗೆ ಹೆಸರು ಇರುವುದಿಲ್ಲ. ತಾವು ಮಾಡಿದ್ದು ಇಂಥದು ಎಂದು ತೋರಿಸಿಕೊಳ್ಳುವ ಕಸುಬುದಾರನಿಗೆ ಮಾತ್ರ ಮುದ್ರೆ ಬೇಕಾಗುತ್ತದೆ.

ಮಾರಾಟ ಕೈಯಿಂದ ಕೈಗೆ. ಪ್ಲೇಟನ್ನು ಸುರುಳಿ ಸುತ್ತಿ ಕೋಟಿನ ತೋಳಿನೊಳಗೆ ಇಟ್ಟುಕೊಂಡು ರಸ್ತೆಯ ತಿರುವಿನಲ್ಲಿ ನಿಲ್ಲುವುದು, ಹಾದುಹೋಗುವವನ ಮುಖ ನೋಡಿ ತಗ್ಗಿದ ದನಿಯಲ್ಲಿ ಹಾಡಿನ ಹೆಸರು ಹೇಳುವುದು. ಬೀದಿಯಲ್ಲಿ ಕೇಳಿ ನೋಡುವ ಹಾಗಿಲ್ಲ, ಮೋಸ ಹೋದರೆ ಪೊಲೀಸರ ಹತ್ತಿರ ಹೋಗುವ ಹಾಗೂ ಇಲ್ಲ. ಹಾಗಾಗಿ ಮೋಸಗಾರರೂ ಇದ್ದರು. ಮನೆಗೆ ತಂದು ಹಾಕಿದರೆ ಮೊದಲು ಒಂದೆರಡು ಸಾಲು ಜಾಝ್, ಆಮೇಲೆ ಹಠಾತ್ತನೆ ಅಚ್ಚ ರಷ್ಯನ್ನಿನಲ್ಲಿ ಬೈಗುಳ. ಹೊಸ ಸಂಗೀತ ಬೇಕಿತ್ತಾ ನಿನಗೆ ಎಂದು ಅಣಕ. ಇಂಥ ಪ್ಲೇಟುಗಳ ಕಥೆ ಆ ಕಾಲದವರ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಷ್ಟಾದರೂ ಮರುವಾರ ಅದೇ ತಿರುವಿಗೆ ಹೋಗುತ್ತಿದ್ದರು.

1950ರ ನವೆಂಬರಿನಲ್ಲಿ ‘ಚಿನ್ನದ ನಾಯಿ’ಯ ಮೇಲೆ ದಾಳಿಯಾಯಿತು. ಯಂತ್ರ, ಫಿಲ್ಮು, ಅಸಲಿ ಪ್ಲೇಟುಗಳ ಸಂಗ್ರಹ ಎಲ್ಲವೂ ಹೋಯಿತು. ಬೊಗೊಸ್ಲೊವ್‌ಸ್ಕಿಗೆ ಮೂರು ವರ್ಷ. ತೈಗಿನ್ ಹಾಡುಗಳನ್ನು ಸ್ವತಃ ಕಟ್ಟಿದ್ದವನೂ ಆದ್ದರಿಂದ ಅವನಿಗೆ ಐದು. 1953ರ ಮಾರ್ಚ್ 5ರಂದು ಸ್ಟಾಲಿನ್ ಸತ್ತ; ಅದೇ ತಿಂಗಳ ಕ್ಷಮಾದಾನ ಇವರನ್ನೂ ಹೊರಗೆ ತಂದಿತು. ಬೊಗೊಸ್ಲೊವ್‌ಸ್ಕಿ ಮತ್ತೆ ಯಂತ್ರ ಕಟ್ಟಿದ. 1957ರಲ್ಲಿ ಮತ್ತೆ ಹಿಡಿದರು. ಆ ಶಿಕ್ಷೆ ಮುಗಿಸಿ ಬಂದವನು ಮತ್ತೆ ಕೊರೆಯಲು ಕುಳಿತ, ಮತ್ತೆ ಜೈಲಿಗೆ ಹೋದ. ಮೂರು ಸಲ! ದುಡ್ಡಿನ ಆಸೆಗೆ ಮಾಡಿದವನು ಮೊದಲ ಸಲಕ್ಕೇ ಬೇರೆ ದಾರಿ ನೋಡಿಕೊಳ್ಳುತ್ತಿದ್ದ.

ಪ್ಲೇಟು ಕೊಳ್ಳುತ್ತಿದ್ದವರ ಗುಂಪಿಗೂ ಅಷ್ಟರಲ್ಲಿ ಒಂದು ಹೆಸರು ಬಿದ್ದಿತ್ತು. 1949ರ ಮಾರ್ಚಿನಲ್ಲಿ ‘ಕ್ರೊಕೊದಿಲ್’ ಎಂಬ ಹಾಸ್ಯಪತ್ರಿಕೆ ‘ಸ್ತಿಲ್ಯಾಗ’ ಎಂಬ ಶೀರ್ಷಿಕೆಯಲ್ಲಿ ಒಂದು ಗೇಲಿಯ ಬರಹ ಹಾಕಿತು. ವಿದ್ಯಾರ್ಥಿಗಳ ಕುಣಿತದ ಸಂಜೆಗೆ ಒಬ್ಬ ಹುಡುಗ ಬರುತ್ತಾನೆ: ಜಾಕೆಟ್ಟಿನ ಬೆನ್ನು ಕಡು ಕಿತ್ತಳೆ, ತೋಳು ಹಸಿರು, ಪ್ಯಾಂಟು ವಿಪರೀತ ಅಗಲ. ಸ್ಟೈಲಿಗಾಗಿ ಬದುಕುವವನು ಎಂಬ ತಿರಸ್ಕಾರ ಆ ಹೆಸರಿನಲ್ಲಿತ್ತು. ಕೆಲವು ವರ್ಷಗಳಲ್ಲಿ ಇದೇ ಹುಡುಗರು ಕಾಲಿಗೆ ಅಂಟುವಷ್ಟು ಬಿಗಿ ಪ್ಯಾಂಟಿಗೆ ಬಂದರು; ಆಗ ಬಿಗಿ ಪ್ಯಾಂಟು ಅಪರಾಧವಾಯಿತು. ಹಣೆಯ ಮೇಲೆ ಎತ್ತರಕ್ಕೆ ಬಾಚಿದ ಕ್ರಾಪು, ಬಣ್ಣಬಣ್ಣದ ಟೈ, ದಪ್ಪ ಬಿಳಿ ಅಟ್ಟೆಯ ಬೂಟು. ಆ ಅಟ್ಟೆಯನ್ನು ಜನ ‘ರವೆಗಂಜಿ’ ಎಂದು ಕರೆಯುತ್ತಿದ್ದರು. ಅಂಗಡಿಯಲ್ಲಿ ಸಿಗುವ ವಸ್ತುವಲ್ಲ ಅದು. ಚಮ್ಮಾರನ ಕೈಯಲ್ಲಿ ಹೇಳಿ ಮಾಡಿಸಬೇಕು. ಸಂಜೆ ಇವರು ಸುತ್ತುತ್ತಿದ್ದ ನೆವ್‌ಸ್ಕಿಯ ತುಂಡಿಗೆ ‘ಬ್ರಾಡ್‌ವೇ’ ಎಂದು ತಾವೇ ಹೆಸರಿಟ್ಟಿದ್ದರು. ಕೊಮ್‌ಸೊಮೊಲ್ ಯುವಪಡೆಯ ಗಸ್ತಿನವರು ಅಲ್ಲಿಯೇ ಕಾದು ಹಿಡಿದು ಕ್ರಾಪು ಕತ್ತರಿಸುತ್ತಿದ್ದರು, ಪ್ಯಾಂಟಿನ ಹೊಲಿಗೆ ಬಿಚ್ಚುವಂತೆ ಸೀಳುತ್ತಿದ್ದರು, ಕಾಲೇಜಿನ ಗೋಡೆಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಹಾಕಿಸುತ್ತಿದ್ದರು. ಕತ್ತರಿ ಹಿಡಿದವರೂ ಅದೇ ವಯಸ್ಸಿನ ಹುಡುಗರು ಎಂಬುದನ್ನು ಮರೆಯಬಾರದು.

ಈ ಹುಡುಗರಿಗೆ ರುಚಿ ಹತ್ತಿಸಿದ್ದರಲ್ಲಿ ಸರ್ಕಾರದ ಪಾಲೂ ಇತ್ತು. ಗ್ಲೆನ್ ಮಿಲ್ಲರ್ ಮೇಳ ನುಡಿಸಿದ ‘ಸನ್ ವ್ಯಾಲಿ ಸೆರೆನೇಡ್’ ಎಂಬ ಅಮೆರಿಕನ್ ಚಿತ್ರ ಯುದ್ಧದ ಕಾಲದ ಸ್ನೇಹದ ನೆರಳಿನಲ್ಲಿ ಸೋವಿಯತ್ ಥಿಯೇಟರುಗಳಿಗೆ ಬಂದಿತ್ತು. ಒಂದು ಪೀಳಿಗೆಯೇ ಆ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡ ಮೇಲೆ ಆ ಸಂಗೀತ ಹಗೆಯದಾಯಿತು. ಮೊನ್ನೆ ಸರಿಯಾಗಿದ್ದದ್ದು ಇಂದು ತಪ್ಪು, ನಾಳೆ ಏನೋ ಗೊತ್ತಿಲ್ಲ. ಲಿಯೊನೀದ್ ಉತ್ಯೋಸೊವ್ ಅಭಿನಯಿಸಿದ 1934ರ ಜಾಝ್ ಸಿನಿಮಾ ಮೇಲಿನವರಿಗೇ ಮೆಚ್ಚುಗೆಯಾಗಿತ್ತು. ಹೀಗೆ ಪಟ್ಟಿ ಬದಲಾಗುತ್ತಲೇ ಇದ್ದಾಗ ಕೇಳುಗನಿಗೆ ಉಳಿಯುವ ಗಟ್ಟಿ ನೆಲವೆಂದರೆ ತನ್ನ ಕಿವಿ ಒಂದೇ.

ಸ್ಟಾಲಿನ್ ನಂತರ ಒಂದೊಂದೇ ಕಿಟಕಿ ತೆರೆಯಿತು. 1954ರಲ್ಲಿ ರಾಜ್‌ಕಪೂರನ ‘ಆವಾರಾ’ ಬಂತು. ಆರು ಕೋಟಿಗೂ ಹೆಚ್ಚು ಟಿಕೆಟ್ಟು ಮಾರಾಟವಾಗಿ, ಅದರ ಶೀರ್ಷಿಕೆ ಗೀತೆಯನ್ನು ಸೋವಿಯತ್ ಬೀದಿಬೀದಿಯಲ್ಲಿ ಹಾಡಿದರು. ಬೀದಿ ಅಲೆಯುವ ಒಬ್ಬನ ಹಾಡಿಗೆ ಅಷ್ಟು ಜನ ಸೋತದ್ದು ಕಾಕತಾಳೀಯ ಆಗಿರಲಾರದು. ಅದೇ ವರ್ಷ ರೋಸ್ನರ್ ಶಿಬಿರದಿಂದ ಹೊರಬಂದು ಮತ್ತೆ ಮೇಳ ಕಟ್ಟಿದ. 1955ರಲ್ಲಿ ‘ವಾಯ್ಸ್ ಆಫ್ ಅಮೆರಿಕ’ದಲ್ಲಿ ವಿಲ್ಲಿಸ್ ಕೊನೊವರ್‌ನ ಜಾಝ್ ಕಾರ್ಯಕ್ರಮ ಶುರುವಾಯಿತು, ಶಾರ್ಟ್‌ವೇವ್ ರೇಡಿಯೊಗೆ ಕಿವಿ ಹಚ್ಚಿ ಕುಳಿತವರಿಗೆ ಮೂಳೆ ಪ್ಲೇಟಿನ ಗರಗರ ಅಭ್ಯಾಸವಿದ್ದದ್ದು ಅನುಕೂಲವೇ ಆಯಿತು. 1957ರ ಬೇಸಿಗೆಯಲ್ಲಿ ಮಾಸ್ಕೊದ ವಿಶ್ವ ಯುವಜನ ಉತ್ಸವಕ್ಕೆ 131 ದೇಶಗಳಿಂದ ಸುಮಾರು 34,000 ಜನ ಬಂದಿಳಿದರು, ತಮ್ಮ ಪ್ಯಾಂಟು, ತಮ್ಮ ಕ್ರಾಪು, ತಮ್ಮ ವಾದ್ಯಗಳ ಸಮೇತ. ಆ ಎರಡು ವಾರದ ನಂತರ ಒಬ್ಬ ಸ್ತಿಲ್ಯಾಗನನ್ನು ವಿಚಿತ್ರ ಪ್ರಾಣಿ ಎಂದು ತೋರಿಸುವುದು ಕಷ್ಟವಾಯಿತು. ಬೊಗೊಸ್ಲೊವ್‌ಸ್ಕಿ ಎರಡನೇ ಸಲ ಜೈಲಿಗೆ ಹೋದದ್ದು ಇದೇ ವರ್ಷ. ಕಿಟಕಿ ತೆರೆದದ್ದು ಅಷ್ಟೇ.

ಪಕ್ಕೆಲುಬಿನ ಕಸುಬು ಪೊಲೀಸರಿಂದ ಸಾಯಲಿಲ್ಲ, ಟೇಪ್ ರೆಕಾರ್ಡರಿನಿಂದ ಸತ್ತಿತು. 1960ರ ದಶಕದಲ್ಲಿ ರೀಲು ಟೇಪಿನ ಯಂತ್ರಗಳು ಸಾಮಾನ್ಯರ ಮನೆಗೂ ಬಂದವು. ಇನ್ನು ಕತ್ತರಿ ಬೇಡ, ಸಿಗರೇಟು ಬೇಡ, ಲೇತ್ ಕೆಲಸದವನು ಬೇಡ. ಅಡುಗೆಮನೆಯಲ್ಲಿ ನಾಲ್ಕು ಜನ ಸೇರಿದಾಗ ಕವಿ-ಗಾಯಕ ಒಕುಡ್ಜಾವ ಹಾಡಿದರೆ, ವಿಸೊತ್‌ಸ್ಕಿ ಹಾಡಿದರೆ, ಟೇಪಿಗೆ ಹಿಡಿದು ಇನ್ನೊಂದು ಊರಿಗೆ ದಾಟಿಸಬಹುದು. 1964ರಲ್ಲಿ ಸರ್ಕಾರವೇ ‘ಕ್ರುಗೊಜೋರ್’ ಎಂಬ ಪತ್ರಿಕೆ ತಂದಿತು. ಅದರ ಹಾಳೆಗಳ ನಡುವೆ ಬಳುಕುವ ತೆಳು ಪ್ಲಾಸ್ಟಿಕ್ ಪ್ಲೇಟುಗಳು, ಕಿತ್ತು ಗ್ರಾಮಫೋನಿಗೆ ಹಾಕಿ ಕೇಳಬಹುದು. ಮಡಚಬಹುದಾದ ಅಗ್ಗದ ಪ್ಲೇಟೊಂದು ಮನೆಮನೆ ತಲುಪಬಲ್ಲದು ಎಂಬುದನ್ನು ಅದಕ್ಕೂ ಹದಿನೇಳು ವರ್ಷ ಮೊದಲೇ ಒಬ್ಬ ಯುವಕ ಮಾಡಿ ತೋರಿಸಿ, ಅದಕ್ಕಾಗಿ ಶಿಕ್ಷೆ ಅನುಭವಿಸಿದ್ದ.

ಲೆಶ್ಚೆಂಕೊನ ಹಾಡುಗಳನ್ನು ಸರ್ಕಾರಿ ಕಂಪನಿ ‘ಮೆಲೊದಿಯ’ ಹೊರತಂದದ್ದು 1988ರಲ್ಲಿ, ಅವನು ಸತ್ತು 34 ವರ್ಷಕ್ಕೆ. ಜಮ್ಯಾತಿನ್‌ನ ‘ನಾವು’ ಸೋವಿಯತ್ ನೆಲದಲ್ಲಿ ಅಚ್ಚಾದದ್ದೂ ಅದೇ ವರ್ಷ. ಈಚಿನ ವರ್ಷಗಳಲ್ಲಿ ಸ್ಟೀಫನ್ ಕೋಟ್ಸ್ ಎಂಬ ಬ್ರಿಟಿಷ್ ಸಂಗೀತಗಾರ ಪೀಟರ್ಸ್‌ಬರ್ಗಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಎಕ್ಸ್‌ರೇ ಪ್ಲೇಟು ಕಂಡು, ಅದರ ಬೆನ್ನುಹತ್ತಿ ಬದುಕುಳಿದವರ ನೆನಪು ಸಂಗ್ರಹಿಸಿ, ಪುಸ್ತಕ ಮತ್ತು ಪ್ರದರ್ಶನಗಳ ಮೂಲಕ ಈ ಕಥೆಯನ್ನು ಹೊರಜಗತ್ತಿಗೆ ತಂದಿದ್ದಾನೆ.

ತೈಗಿನ್ ಪ್ಲೇಟಿನ ಕೆಲಸ ಬಿಟ್ಟ ಮೇಲೂ ಸುಮ್ಮನಿರಲಿಲ್ಲ. ‘ಬೆ-ತಾ’ ಎಂಬ ಹೆಸರಿನಲ್ಲಿ ಮನೆಯಲ್ಲೇ ಪ್ರಕಾಶನ ಶುರುಮಾಡಿದ. ಬಂಡವಾಳ ಒಂದು ಟೈಪ್‌ರೈಟರ್. ಪತ್ರಿಕೆಗಳು ಮುಟ್ಟದ ಎಳೆಯ ಕವಿಗಳ ಪದ್ಯಗಳನ್ನು ಬೆರಳೆಣಿಕೆಯ ಪ್ರತಿಗಳಲ್ಲಿ ಬೆರಳಚ್ಚು ಮಾಡಿ, ಹೊಲಿದು, ಪುಸ್ತಕ ಮಾಡುತ್ತಿದ್ದ. 1962ರಲ್ಲಿ ಹಾಗೆ ಬಂದ ಒಂದು ಪುಸ್ತಕ ‘ಅಲೆಗಳು ಮತ್ತು ಬಂಡೆಗಳು’. ಬರೆದವನು ಆಗ ಲೆನಿನ್‌ಗ್ರಾಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನಿಕೊಲಾಯ್ ರುಬ್ತ್‌ಸೊವ್, ಮುಂದೆ ರಷ್ಯದಲ್ಲಿ ಮನೆಮಾತಾದ ಕವಿ. ಪುಸ್ತಕ ಕಟ್ಟಿಕೊಟ್ಟದ್ದಲ್ಲದೆ, ತೈಗಿನ್ ಅವನನ್ನು ಮೈಕಿನ ಮುಂದೆ ಕೂರಿಸಿ ಪದ್ಯ ಓದಿಸಿದ. ಆ ಧ್ವನಿಮುದ್ರಣವನ್ನು ಎಕ್ಸ್‌ರೇ ಮೇಲೆ ಕೊರೆಯಬೇಕಾಗಲಿಲ್ಲ, ಟೇಪು ಬಂದಾಗಿತ್ತು.